ಎರಡು ಫೋನು, ಒಂದು ಗೊಂಚಲು

ನನ್ನ ಹಳೆಯ ಫೋನಿಗೆ ಕಾಮಾಲೆಯಾಗಿತ್ತು. ಲಕ್ಷಣ ನೋಡಿದರೆ ಬೇರೆ ರೋಗವಾಗಿರಲು ಸಾಧ್ಯವೇ ಇರಲಿಲ್ಲ. ಕ್ಯಾಮೆರಾದ ಗಾಜಿನ ಮೇಲೆ ಹಲವು ಹಂಗಾಮುಗಳಲ್ಲಿ ಬೆಳೆಗೆ ಹೊಡೆದ ಔಷಧದ ತುಂತುರು ಕೂತಿತ್ತು. ಕೂತದ್ದನ್ನು ನಾನು ಧೋತರದ ಚುಂಗಿನಿಂದ ಒರೆಸುತ್ತ ಬಂದಿದ್ದೆ. ಔಷಧ ಹೋಯಿತೋ ಗಾಜೇ ಸವೆದು ಹೋಯಿತೋ, ಅಂತೂ ಅದಕ್ಕೆ ಲೋಕವೆಲ್ಲ ಹಳದಿಯಾಗಿ ಕಾಣತೊಡಗಿತು. ಬಸದಿಯ ಸುಣ್ಣದ ಗೋಡೆ ಹಳದಿ, ಹೆಂಡತಿಯ ಬಿಳಿ ಸೀರೆ ಹಳದಿ, ನಮ್ಮ ಎಮ್ಮೆ ಕೂಡ ಒಂದು ಬಗೆಯ ಹಳದಿ. ಇದರಿಂದ ನನಗೇನೂ ತೊಂದರೆಯಿರಲಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನಿಗೆ ಚಿತ್ರಗಳು ಹಳದಿಯಾಗಿರುವುದೇ ಯೋಗ್ಯವೆಂದು ತೋರುತ್ತದೆ. ತೊಂದರೆ ಬಂದದ್ದು ದ್ರಾಕ್ಷಿಯಿಂದ.

ನಮ್ಮದು ಕಾಗವಾಡದ ಮಗ್ಗುಲ ಹಳ್ಳಿ. ಊರ ಹೊರಗೆ ಬಾವಿಯ ಸುತ್ತ ಒಂದು ಸಣ್ಣ ದ್ರಾಕ್ಷಿ ತೋಟ, ನಮ್ಮ ಕಡೆಯ ಮಾತಿನಲ್ಲಿ ಪಡ, ಇದೆ. ನಿವೃತ್ತಿಯ ನಂತರ ನಾನೂ ನನ್ನ ಹೆಂಡತಿಯೂ ಅದರ ಸೇವೆಯಲ್ಲಿದ್ದೇವೆ. ಆಕೆ ಕೆಲಸ ಮಾಡುತ್ತಾಳೆ, ನಾನು ಚಿಂತೆ ಮಾಡುತ್ತೇನೆ. ಮೊದಲು ವ್ಯಾಪಾರಿ ಎಂಬುವನು ಸ್ವತಃ ಪಡಕ್ಕೆ ಬರುತ್ತಿದ್ದ. ಚಪ್ಪರದ ಕೆಳಗೆ ಬಗ್ಗಿ ಸಾಲು ಸಾಲು ಅಡ್ಡಾಡಿ, ಒಂದು ಕಾಯಿ ಬಾಯಿಗೆ ಹಾಕಿ, ಆಕಾಶ ನೋಡಿ, ಚಹಾ ಕುಡಿದು, ಮನೆಯವರ ಆರೋಗ್ಯ ವಿಚಾರಿಸಿ, ಆಮೇಲೆ ದರ ಇಳಿಸುತ್ತಿದ್ದ. ಈಗ ಮಿರಜದಲ್ಲಿ ಕೂತುಕೊಂಡೇ ಫೋಟೋ ಹಾಕಿರಿ ಅನ್ನುತ್ತಾನೆ. ಮೆಚ್ಚಿದರೆ ಕೊಯ್ಯುವ ಆಳು, ಕ್ರೇಟು, ಲಾರಿ ಎಲ್ಲ ಬರುತ್ತವೆ. ಮೆಚ್ಚದಿದ್ದರೆ ಫೋಟೋ ನೋಡಿದನೆಂಬ ಗುರುತಿಗೆ ಎರಡು ನೀಲಿ ಗೆರೆ ಬರುತ್ತವೆ. ಮತ್ತೇನೂ ಬರುವುದಿಲ್ಲ.

ಹೋದ ಹಂಗಾಮಿನಲ್ಲಿ ನಮ್ಮ ಮಾಲು ಕೊಯ್ಲಿಗೆ ಬಂದ ಹೊತ್ತಿಗೆ ಸರಿಯಾಗಿ ಪಡುವಣದಲ್ಲಿ ಮೋಡ ಕಟ್ಟತೊಡಗಿತು. ಸಿಹಿ ತುಂಬಿದ ಕಾಯಿಗೆ ಒಂದು ಮಳೆ ಸಾಕು. ಸಿಪ್ಪೆ ಬಿರಿದು ಗೊಂಚಲಿಗೆ ಗೊಂಚಲೇ ಕೊಳೆಯುತ್ತದೆ. ಮಳೆ ಬರುವ ಮೊದಲು ಮಾಲು ಲಾರಿ ಹತ್ತಬೇಕು, ಇಲ್ಲವೆಂದರೆ ಇಡೀ ವರ್ಷ ಗಿಡದಲ್ಲೇ ಹುಳಿಯುತ್ತದೆ. ವಿಷಯ ಇಷ್ಟೇ. ಮುಂದಿನದೆಲ್ಲ ಇದರ ಅಡಿಟಿಪ್ಪಣಿ.

ನಾನು ಕಾಮಾಲೆಯ ಫೋನಿನಿಂದ ಒಂದು ಗೊಂಚಲಿನ ಫೋಟೋ ತೆಗೆದು ವ್ಯಾಪಾರಿಗೆ ಕಳಿಸಿದೆ. ಅವನು ಉತ್ತರವನ್ನು ಬರೆಯುವವನಲ್ಲ, ಮಾತಾಡಿ ಕಳಿಸುವವನು.

"ಸರ, ಮಾಲ ಪಿವಳಾ ದಿಸತೋಯ. ಪೂರಾ ಹಳದಿ ತಿರಿಗೇತಿ. ಇದು ಕಲ್ಕತ್ತಾ ಮುಟ್ಟಂಗಿಲ್ರಿ, ಮನೂಕ ಮಾಡಿಬಿಡ್ರಿ."

ನಮ್ಮ ಗಡಿಯ ವ್ಯಾಪಾರಿಗಳು ಕುಶಲ ಕೇಳುವಾಗ ಕನ್ನಡವನ್ನೂ ದರ ಇಳಿಸುವಾಗ ಮರಾಠಿಯನ್ನೂ ಬಳಸುತ್ತಾರೆಂಬುದು ನನ್ನ ಬಹುಕಾಲದ ಸಂಶೋಧನೆ. ಪಿವಳಾ ಎಂದ ಕೂಡಲೇ ಅರ್ಥವಾಯಿತು. ದೂರದ ಪೇಟೆಗೆ ಹೋಗುವ ಕಾಯಿ ಹಸಿರಾಗಿಯೇ ಇರಬೇಕು. ಹಳದಿಗೆ ತಿರುಗಿದ್ದು ದಾರಿಯಲ್ಲೇ ಉದುರುತ್ತದೆ. ಅದನ್ನು ಒಣಗಿಸಿ ಮನೂಕ, ಅಂದರೆ ಒಣದ್ರಾಕ್ಷಿ, ಮಾಡಬೇಕು. ಅದಕ್ಕೆ ಶೆಡ್ಡು ಬೇಕು, ಬಿಸಿಲು ಬೇಕು, ಕಾಯುವ ಧೈರ್ಯ ಬೇಕು. ಮೂರೂ ನನ್ನ ಹತ್ತಿರ ಇರಲಿಲ್ಲ.

ಬದುವಿನ ಆಚೆ ನಮ್ಮ ನೆರೆಯವನ ಪಡ. ಅವನದೂ ನಮ್ಮದೂ ಒಂದೇ ತಳಿ, ಚಾಟನಿ ಮಾಡಿ ಬಳ್ಳಿ ಸವರಿದ್ದೂ ಒಂದೇ ವಾರ, ಕುಡಿಯುವುದೂ ಒಂದೇ ನೀರು. ಅವನ ಮಾಲು ಅದೇ ವ್ಯಾಪಾರಿಗೆ ಫೋಟೋದ ಮೇಲೆಯೇ ಮಾರಾಟವಾಗಿ ಹೋಗಿತ್ತು. ಹೇಗೆ ಎಂದು ಕೇಳಿದೆ. ಅವನು ಅಂಗಿಯ ಕಿಸೆಯಿಂದ ಹೊಸ ಫೋನು ತೆಗೆದು, ನವಜಾತ ಶಿಶುವನ್ನು ತೋರಿಸುವಂತೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದ.

"ಮಾಸ್ತರ, ಕಾಯಿ ಹೊಲದಾಗ ಬೆಳಿತಾವ. ಬಣ್ಣ ಇದರಾಗ ಬೆಳಿತೈತಿ."

ಅದರಲ್ಲಿ ಅವನ ದ್ರಾಕ್ಷಿ ಗಿಳಿಯ ರೆಕ್ಕೆಯ ಹಾಗಿತ್ತು. ಮುಂದಿನ ಚಿತ್ರದಲ್ಲಿ ಅವನೇ ಇದ್ದ. ನಮ್ಮ ಎರೆಮಣ್ಣಿನ ಬಣ್ಣದವನಾದ ಆತ ಆ ಚಿತ್ರದಲ್ಲಿ ಆಗಷ್ಟೇ ಅರಿಶಿನ ತೊಳೆದುಕೊಂಡು ಬಂದ ಮದುಮಗನಂತೆ ಹೊಳೆಯುತ್ತಿದ್ದ. ನಾನು ಮನೆಗೆ ಬಂದು ಇಂಥದೊಂದು ಫೋನು ಕೊಳ್ಳುವುದಾಗಿ ಘೋಷಿಸಿದೆ.

ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಅಕ್ಕ ನಿಪ್ಪಾಣಿಯಲ್ಲಿದ್ದಾಳೆ. ಇಬ್ಬರೂ ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತಾರೆ. ಆ ಅಕ್ಕನ ಹತ್ತಿರ ಬೇರೆ ಕಂಪನಿಯ ಫೋನಿದೆ. ನಿಪ್ಪಾಣಿಗೆ ಹೋದಾಗ ಅದರಲ್ಲಿ ತೆಗೆದ ತನ್ನ ಫೋಟೋ ನೋಡಿ ಬಂದವಳು ಆಕೆ.

"ಕೊಳ್ಳೂದಾದ್ರ ಅಕ್ಕನಂಥಾದ್ದ ಕೊಳ್ರಿ. ಅದರಾಗ ನನ್ನ ಮಾರಿ ನನ್ನ ಮಾರಿ ಹಂಗ ಕಾಣತೈತಿ."

ಹೀಗೆ ಒಂದೇ ದಿನದಲ್ಲಿ ಎರಡು ಪಕ್ಷಗಳು ಹುಟ್ಟಿಕೊಂಡವು: ನೆರೆಯವನದು ಬದುವಿನ ಫೋನು, ಅಕ್ಕನದು ನಿಪ್ಪಾಣಿ ಫೋನು. ಬೆಲೆಯಲ್ಲಿ ಹೆಚ್ಚು ಕಡಿಮೆ ಇರಲಿಲ್ಲ. ಒಂದು ಇದ್ದದ್ದನ್ನು ಇದ್ದಂತೆ ತೋರಿಸುತ್ತಿತ್ತು, ಇನ್ನೊಂದು ಇರಬೇಕಾದ್ದನ್ನು ತೋರಿಸುತ್ತಿತ್ತು. ಇತಿಹಾಸದಲ್ಲಿ ಎಷ್ಟೋ ರಾಜ್ಯಗಳು ಇದಕ್ಕಿಂತ ಸಣ್ಣ ಪ್ರಶ್ನೆಗೆ ಒಡೆದುಹೋದದ್ದನ್ನು ನಾನೇ ಮಕ್ಕಳಿಗೆ ಬರೆಸಿದ್ದೇನೆ.

ನಾನು ಸಲಹೆ ಕೇಳಲು ಶುರುಮಾಡಿದೆ. ಇದು ತಪ್ಪು, ಸಲಹೆ ಕೇಳಿದವನಿಗೆ ನಿದ್ದೆ ಬರುವುದಿಲ್ಲ, ಕೊಟ್ಟವನಿಗೆ ಬರುತ್ತದೆ. ಚಿಕ್ಕೋಡಿಯ ಬೀಗರು ಬದುವಿನ ಫೋನು ಅಂದರು. ರಾಯಬಾಗದಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬರು, ಗಣಿತ ಕಲಿಸಿದವರು, ಎರಡರ ಬ್ಯಾಟರಿಯನ್ನೂ ಹೋಲಿಸಿ ದೀರ್ಘ ಉಪನ್ಯಾಸ ಕೊಟ್ಟು, ಕೊನೆಗೆ ತಾವು ಈಗಲೂ ಗುಂಡಿ ಒತ್ತುವ ಫೋನನ್ನೇ ಬಳಸುತ್ತಿರುವುದಾಗಿ ತಿಳಿಸಿದರು. ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತವರಲ್ಲಿ ಅರ್ಧ ಜನ ಅತ್ತ, ಅರ್ಧ ಜನ ಇತ್ತ. ನಾನು ಎದ್ದು ಹೊರಟ ಮೇಲೂ ವಾದ ನಡೆದೇ ಇತ್ತು.

ನಿಜವಾಗಿ ನನ್ನನ್ನು ಕಾಡುತ್ತಿದ್ದದ್ದು ಬ್ಯಾಟರಿಯಲ್ಲ. ಪಡದಲ್ಲಿ ಸಾಲಿನಿಂದ ಸಾಲಿಗೆ ಅಡ್ಡಾಡುತ್ತ ನಾನು ಧರ್ಮಜಿಜ್ಞಾಸೆಯಲ್ಲಿ ತೊಡಗಿದ್ದೆ. ಸುಳ್ಳು ಹೇಳಬಾರದೆಂದು ಚಿಕ್ಕಂದಿನಿಂದ ಕಲಿತವರು ನಾವು. ಆದರೆ ನನ್ನ ಹಳೆಯ ಫೋನು ಆಗಲೇ ನನ್ನ ವಿರುದ್ಧ ಒಂದು ಸುಳ್ಳು ಹೇಳಿಬಿಟ್ಟಿತ್ತು: ಇದ್ದುದಕ್ಕಿಂತ ಹಳದಿ ತೋರಿಸಿತ್ತು. ಈಗ ಇನ್ನೊಂದು ಫೋನು ಇದ್ದುದಕ್ಕಿಂತ ಹಸಿರು ತೋರಿಸಿದರೆ ಎರಡೂ ಸೇರಿ ಸತ್ಯವಾಗುವುದಿಲ್ಲವೇ? ಈ ತರ್ಕ ಮೇಲಿನ ಸಾಲುಗಳಲ್ಲಿ ಬಲು ಗಟ್ಟಿಯಾಗಿ ನಿಲ್ಲುತ್ತಿತ್ತು. ಬಾವಿಯ ಹತ್ತಿರದ ಸಾಲುಗಳಿಗೆ ಬಂದಾಗ ಸ್ವಲ್ಪ ಅಲುಗುತ್ತಿತ್ತು. ಯಾಕೆಂದರೆ ಅಲ್ಲಿ ಕೆಲವು ಗೊಂಚಲು ನಿಜವಾಗಿಯೂ ಹಳದಿಗೆ ತಿರುಗಿದ್ದವು. ಅಲ್ಲಿಂದ ನಾನು ಬೇಗ ಹೊರಗೆ ಬರುತ್ತಿದ್ದೆ. ಮೋಡ ಮಾತ್ರ ದಿನಕ್ಕಿಷ್ಟು ದಪ್ಪವಾಗುತ್ತಿತ್ತು.

ಒಂದು ಮುಂಜಾನೆ ಅಥಣಿಯ ಬಸ್ಸು ಹತ್ತಿದೆ. ಕೈಯಲ್ಲಿ ಹೆಂಡತಿಯ ಸ್ಟೀಲಿನ ಡಬ್ಬಿ, ಡಬ್ಬಿಯಲ್ಲಿ ಮೆತ್ತಗೆ ಬಟ್ಟೆ ಹಾಸಿ ಇಟ್ಟ ಒಂದು ಗೊಂಚಲು. ಫೋನಿನ ಕ್ಯಾಮೆರಾ ಪರೀಕ್ಷಿಸಲು ಜನ ಅಂಗಡಿಯ ಫ್ಯಾನನ್ನೋ ಕ್ಯಾಲೆಂಡರನ್ನೋ ತೆಗೆಯುತ್ತಾರಂತೆ. ಫ್ಯಾನು ಕೊಳ್ಳಲು ಯಾವ ವ್ಯಾಪಾರಿಯೂ ಬರುವುದಿಲ್ಲ. ನಾನು ಸಾಕ್ಷಿಯನ್ನು ಜೊತೆಗೇ ಒಯ್ದೆ. ದ್ರಾಕ್ಷಿ ಬೆಳೆಯುವವರು ಗೊಂಚಲನ್ನು ತೊಟ್ಟಿನಿಂದ ಹಿಡಿಯುತ್ತಾರೆ, ಕಾಯಿಯನ್ನು ಮುಟ್ಟುವುದಿಲ್ಲ; ಮುಟ್ಟಿದರೆ ಮೇಲಿನ ತೆಳು ಬಿಳಿ ಹುಡಿ ಅಳಿಸಿ ಹೋಗಿ ಕಾಯಿ ಹಳತಾಗಿ ಕಾಣುತ್ತದೆ. ಹೀಗಾಗಿ ಅಥಣಿಯವರೆಗೂ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸು ಕುಣಿದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿದಿದ್ದೆ.

ಅಂಗಡಿಯವನು ಮೂವತ್ತರ ಒಳಗಿನವ, ಮಾತು ಬಲು ಚುರುಕು. ಎರಡೂ ಫೋನುಗಳನ್ನು ಮೇಜಿನ ಮೇಲೆ ತಂತಿಯಿಂದ ಕಟ್ಟಿಹಾಕಿದ್ದರು. ಒಳಗಿನ ದೀಪದಲ್ಲಿ ಬಣ್ಣ ತಿಳಿಯುವುದಿಲ್ಲ, ಬಿಸಿಲಿಗೆ ಒಯ್ಯಬೇಕು ಅಂದೆ. ಬಿಸಿಲಿಗೆ ಬಿಡುವುದಿಲ್ಲ, ತಂತಿ ಎಷ್ಟು ದೂರ ಬರುತ್ತದೋ ಅಷ್ಟೇ ಅಂದ. ತಂತಿ ಹೊಸ್ತಿಲವರೆಗೆ ಬಂತು. ನಾನು ಹೊಸ್ತಿಲಿನ ಹೊರಗೆ ಗೊಂಚಲು ಎತ್ತಿ ಹಿಡಿದು ನಿಂತೆ. ಅವನು ಹೊಸ್ತಿಲಿನ ಒಳಗೆ ಎಳೆದ ತಂತಿಯ ಫೋನು ಹಿಡಿದು ನಿಂತ. ಎತ್ತಿನ ಹಲ್ಲು ಎಣಿಸುವವರ ಸುತ್ತ ನೆರೆಯುವಂತೆ ನಮ್ಮ ಸುತ್ತ ಜನ ನೆರೆದರು.

ಮೊದಲು ನಿಪ್ಪಾಣಿ ಫೋನು. ಕ್ಲಿಕ್. ಕಾಯಿ ತಿಳಿ ಹಸಿರು, ತೊಟ್ಟಿನ ಹತ್ತಿರ ಸ್ವಲ್ಪ ಹಳದಿ ಛಾಯೆ. ನನ್ನ ಕಣ್ಣಿಗೆ ಹೇಗಿತ್ತೋ ಹಾಗೇ. ಅಷ್ಟರಲ್ಲಿ ಫೋನಿಗೆ ಕವರು ಹಾಕಿಸಲು ಬಂದಿದ್ದ ಹೆಂಗಸೊಬ್ಬಳು ಒಂದು ಕಾಯಿ ಕಿತ್ತು ಬಾಯಿಗೆ ಹಾಕಿಕೊಂಡು, ಸಕ್ಕರಿ ಐತ್ರಿ ಅಂದಳು. ಆ ಪ್ರಮಾಣಪತ್ರ ಸಿಕ್ಕಿದ್ದೇ ತಡ, ನಾಲ್ಕೂ ಕಡೆಯಿಂದ ಕೈ ಬಂದವು. ಸಾಕ್ಷಿಯನ್ನು ತಿನ್ನಬಾರದು ಎಂದು ನಾನು ಹೇಳುವ ಹೊತ್ತಿಗೆ ಸಾಕ್ಷಿಯ ಅರ್ಧ ಭಾಗ ಹೋಗಿತ್ತು. ಅಂಗಡಿಯವನೂ ಎರಡು ತಿಂದ.

"ಕಾಕಾ, ಇಂಥಾ ಕಾಯಿಗಿ ಫೋಟೋ ಯಾಕ ಬೇಕ್ರಿ? ಒಂದೊಂದ ಕಾಯಿ ಪೋಸ್ಟಿನ್ಯಾಗ ಕಳಸ್ರಿ."

ಎರಡನೆಯ ಪರೀಕ್ಷೆಯ ಹೊತ್ತಿಗೆ ನನ್ನ ಕೈಯಲ್ಲಿ ಉಳಿದದ್ದು ಹೆಚ್ಚಾಗಿ ತೊಟ್ಟುಗಳು, ನಡುನಡುವೆ ಜನರ ಬೆರಳು ಮುಟ್ಟಿ ಮಂಕಾದ ಕಾಯಿಗಳು. ಬದುವಿನ ಫೋನಿಗೆ ಇದು ಅನ್ಯಾಯವಾಗುತ್ತದೆ ಎಂದುಕೊಂಡೆ. ಕ್ಲಿಕ್. ಮಂಕಾದ ಆ ಆರೆಂಟು ಕಾಯಿಗಳು ಪಚ್ಚೆಯ ಹರಳುಗಳಾಗಿ ಹೊಳೆದವು. ತಿಂದವರೇ ಅಬಬಬ ಅಂದರು. ಕೆಟ್ಟ ಮಾಲನ್ನು ಇಷ್ಟು ಚಂದ ಮಾಡಿದ ಫೋನು ಒಳ್ಳೆಯ ಮಾಲಿಗೆ ಏನು ಮಾಡೀತು ಎಂಬ ವಿಚಾರ ನನ್ನ ತಲೆಯಲ್ಲಿ ನುಗ್ಗಿತು. ಹಿಂದೆಯೇ ಮೋಡದ ನೆನಪೂ ನುಗ್ಗಿತು. ಬದುವಿನ ಫೋನನ್ನೇ ಕೊಂಡೆ. ಖಾಲಿ ಡಬ್ಬಿಯೊಂದಿಗೆ ಬಸ್ಸು ಹತ್ತಿ, ದಾರಿಯುದ್ದಕ್ಕೂ ನಿಪ್ಪಾಣಿ ಫೋನೇ ಕೊಳ್ಳಬೇಕಿತ್ತೇನೋ ಎಂದು ಯೋಚಿಸಿದೆ. ಅದನ್ನು ಕೊಂಡಿದ್ದರೆ ಇದರ ಬಗ್ಗೆ ಯೋಚಿಸುತ್ತಿದ್ದೆ. ಅಷ್ಟರ ಮಟ್ಟಿಗೆ ನನ್ನನ್ನು ನಾನು ಬಲ್ಲೆ.

ಬಸ್ಸಿಳಿದವನು ನೇರ ಪಡಕ್ಕೆ ಹೋಗಿ ಮೇಲಿನ ಸಾಲಿನ ಗೊಂಚಲುಗಳ ಫೋಟೋ ತೆಗೆದೆ. ಮನೆಗೆ ಬಂದು ಹೆಂಡತಿಗೆ ತೋರಿಸಿದೆ. ಆಕೆ ಕೈ ಒರೆಸಿಕೊಂಡು, ಕಣ್ಣು ಕಿರಿದು ಮಾಡಿ ನೋಡಿದಳು.

"ಚಲೋ ಬಂದಾವಲ್ರಿ. ಯಾರ ಪಡದ್ದು?"

ನಾನು ಚಿತ್ರವನ್ನು ವ್ಯಾಪಾರಿಗೆ ಕಳಿಸಿದೆ. ನೀಲಿ ಗೆರೆ ಬಂದವು. ಈ ಸಲ ಮಾತೂ ಬಂತು, ಆದರೆ ನಾನೆಣಿಸಿದ್ದಲ್ಲ. ಗೊಂಚಲನ್ನು ಕೈಯಲ್ಲಿ ಹಿಡಿದ ಫೋಟೋ ಹಾಕಿರಿ ಅಂದ. ಆಮೇಲೆ ನೆರೆಯವನಿಂದ ತಿಳಿಯಿತು: ನೆರೆಯವನ ಮಾಲನ್ನು ಲಾರಿಯಿಂದ ಇಳಿಸುವಾಗ ಅದರ ಬಣ್ಣದ ಮೇಲೆ ವ್ಯಾಪಾರಿಗೆ ಸಂಶಯ ಬಂದಿತ್ತಂತೆ, ಅಂದಿನಿಂದ ಫೋಟೋದಲ್ಲಿ ಕೈಯೂ ಇರಲಿ ಎಂದು ಎಲ್ಲರಿಗೂ ಕೇಳುತ್ತಿದ್ದಾನಂತೆ. ಆ ಹೊತ್ತಿಗೆ ಇದು ಗೊತ್ತಿರದೆ, ಅವನಿಗೆ ಬೇಕಾದದ್ದು ಗೊಂಚಲಿನ ಅಳತೆ ಇರಬೇಕೆಂದು ತಿಳಿದು, ನಾನು ಎಡಗೈಯಲ್ಲಿ ಗೊಂಚಲು ಹಿಡಿದು ಬಲಗೈಯಲ್ಲಿ ಫೋಟೋ ತೆಗೆದು ಕಳಿಸಿದೆ.

"ಸರ, ಇದು ಯಾರ ಕೈರಿ? ನಿಮ್ಮ ಕೈ ನಾ ನೋಡೇನಲ್ಲ, ಹತ್ತ ವರ್ಷ ನಿಮ್ಮಲ್ಲಿ ಚಹಾ ಕುಡದೇನಿ."

ಚಿತ್ರ ತೆರೆದು ನೋಡಿದೆ. ಗೊಂಚಲು ಹಿಡಿದಿದ್ದ ಕೈ ಬೆಣ್ಣೆಯ ಬಣ್ಣದ್ದು. ಯಾವುದೋ ಸಂಸ್ಥಾನದ ಚಿಕ್ಕ ದೊರೆಯದಾಗಿರಬಹುದು. ಬಿಸಿಲಲ್ಲಿ ಮಾಗಿದ ನನ್ನ ಕರಿ ಕೈ ಅದರ ಹತ್ತಿರದ ಸಂಬಂಧಿಯೂ ಆಗಿರಲಿಲ್ಲ. ವ್ಯಾಪಾರಿಯ ಲೆಕ್ಕ ಸರಳವಾಗಿತ್ತು: ಕೈ ಎಷ್ಟು ಬಿಳುಪಾಗಿದೆಯೋ ಕಾಯಿ ಅಷ್ಟು ಸುಳ್ಳು ಹಸಿರು.

ಇಲ್ಲಿ ನಾನು ನಿಲ್ಲಬೇಕಿತ್ತು. ಆದರೆ ಮೋಡ ಈಗ ಬಾವಿಯ ನೀರಲ್ಲೂ ಕಾಣುತ್ತಿತ್ತು. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಬುದ್ಧಿ ಎಲ್ಲಿ ನಿಂತೀತು? ನನಗೊಂದು ಉಪಾಯ ಹೊಳೆಯಿತು. ಹೆಂಡತಿ ಮೊದಲೇ ಕೆಂಪಗಿನ ಬಣ್ಣದವಳು. ಆಕೆಯ ಕೈಯನ್ನು ಫೋನು ಇನ್ನೆಷ್ಟು ಬಿಳುಪು ಮಾಡೀತು? ಹಿಡಿ ಅಂದೆ. ನನ್ನ ಕೈಯನ್ನೇಕೆ ಕೋರ್ಟಿಗೆ ಎಳೆಯುತ್ತೀರಿ ಅಂದಳು. ನಾನು ಗೋಗರೆದ ಮೇಲೆ, ಮುಖ ಬರಬಾರದೆಂಬ ಕರಾರಿನ ಮೇಲೆ ಗೊಂಚಲು ಹಿಡಿದಳು. ಕೈ ಕೈಯಂತೆಯೇ ಬಂತು. ನಾನು ಗೆದ್ದೆನೆಂದುಕೊಂಡು ಕಳಿಸಿದೆ.

ಆಕೆಯ ಮುಂಗೈ ತುಂಬ ಹಸಿರು ಗಾಜಿನ ಬಳೆಗಳಿದ್ದವು. ಮುತ್ತೈದೆಯರು ತೊಡುವ ಆ ಮಬ್ಬು ಹಸಿರು ಈ ಭಾಗದಲ್ಲಿ ಕಾಣದವರಿಲ್ಲ; ವ್ಯಾಪಾರಿಯ ಮನೆಯಲ್ಲೂ ಅದೇ ಹಸಿರು ದಿನಾ ಚಹಾ ತಂದು ಕೊಡುತ್ತದೆ.

"ವೈನಿಗಿ ಕೇಳ್ರಿ ಸರ, ಈ ಬಳಿ ಯಾವ ಪೇಟ್ಯಾಗ ತಗೊಂಡ್ರು ಅಂತ. ಇಷ್ಟ ಹಸರ ನಮ್ಮ ಮಿರಜಿನ್ಯಾಗ ಸಿಗಂಗಿಲ್ಲ. ನಮ್ಮ ಮನ್ಯಾಗೂ ಒಂದ ಡಜನ್ ಬೇಕಾಗ್ಯಾವ."

ವೈನಿ ಅಂದರೆ ಅತ್ತಿಗೆ, ನನ್ನ ಹೆಂಡತಿ. ಆಮೇಲೆ ದನಿ ಬದಲಿಸಿ ಮರಾಠಿಗೆ ಇಳಿದ. ನಾಳೆ ತನ್ನ ಆಳುಗಳು ತಾಸಗಾವದ ಕಡೆ ಹೋಗುತ್ತಾರೆ, ಮಳೆಯ ಮುಂದೆ ತನಗೂ ಪುರುಸೊತ್ತಿಲ್ಲ, ಮಾಲು ನಿಜವಾಗಿ ಹೇಗಿದೆ ಎಂದು ತಿಳಿಯದೆ ಲಾರಿ ಕಳಿಸುವುದಿಲ್ಲ ಎಂಬುದು ಅದರ ಸಾರಾಂಶ. ನಾನು ಕಟ್ಟೆಯ ಮೇಲೆ ಕೂತೆ. ಎದ್ದೆ. ನಿಪ್ಪಾಣಿಗೆ ಹೋಗಿ ಆ ಫೋನನ್ನು ಕೇಳಿ ತರಲೇ ಅಂದೆ. ನೀವು ತರುವಷ್ಟರಲ್ಲಿ ಕಾಯಿ ಬಿರಿದಿರುತ್ತವೆ ಅಂದಳು ಹೆಂಡತಿ. ಅಥಣಿಯ ಅಂಗಡಿಯವನು ಬದಲಿಸಿ ಕೊಟ್ಟಾನೇ ಅಂದೆ. ಆಕೆ ಗೂಡಿನಲ್ಲಿದ್ದ ಹಳೆಯ ಫೋನನ್ನು ತೆಗೆದುಕೊಂಡಳು, ಯಾಕೆಂದರೆ ಅದು ಈಗ ಆಕೆಯದಾಗಿತ್ತು, ನಂಬರುಗಳೂ ಅದರಲ್ಲಿ ಉಳಿದಿದ್ದವು. ವ್ಯಾಪಾರಿಗೆ ನೇರ ಕರೆ ಮಾಡಿದಳು.

"ತಮ್ಮಾ, ನಾ ವೈನಿ ಮಾತಾಡಾಕತ್ತೇನಿ. ಬಳಿ ಕಾಗವಾಡದಾಗ ತಗೊಂಡೇನಿ, ಹಸರ ಐತಿ, ಅಷ್ಟ ಇಲ್ಲ. ಕಾಯಿನೂ ಹಂಗ ಅದಾವ. ಮ್ಯಾಲಿನ ಸಾಲ ಪೂರಾ ಹಸರ ಅದಾವ, ನಿನಗ ನಡೀತಾವ. ಬಾವಿ ಕಡಿಂದು ಹಳದಿ ತಿರಿಗ್ಯಾವ, ಅವನ್ನ ನಾ ನಿನಗ ಕೊಡಂಗಿಲ್ಲ. ಮುಂಜಾನಿ ಬಂದ ಒಮ್ಮೆ ನೋಡಿ ಹೋಗಪಾ."

ಬಾವಿ ಕಡೆಯ ಸಾಲುಗಳ ವಿಷಯ ಯಾಕೆ ಹೇಳಿದೆ ಎಂದು ನಾನು ಕೈಸನ್ನೆ ಮಾಡುತ್ತಲೇ ಇದ್ದೆ. ಆಕೆ ಬೆನ್ನು ತಿರುಗಿಸಿದ್ದಳು. ಆ ಕಡೆಯಿಂದ ಅವನು ಕನ್ನಡದಲ್ಲೇ, ಬರತೇನ್ರಿ ವೈನಿ ಅಂದ.

ಅವನು ಬರುವವರೆಗೂ ನಾನು ಹೇಗಿದ್ದೆನೆಂಬುದನ್ನು ವರ್ಣಿಸುವುದು ಬೇಡ. ಮುಂಜಾನೆ ಬೈಕು ನಿಲ್ಲಿಸಿದವನು ಚಹಾಕ್ಕೂ ನಿಲ್ಲದೆ ಚಪ್ಪರದ ಕೆಳಗೆ ನುಗ್ಗಿದ. ಹೆಂಡತಿ ಮುಂದೆ, ಅವನು ನಡುವೆ, ಹೊಸ ಫೋನು ಕಿಸೆಯಲ್ಲಿಟ್ಟುಕೊಂಡು ನಾನು ಹಿಂದೆ. ಮೇಲಿನ ಸಾಲುಗಳಲ್ಲಿ ಅವನು ಗೊಂಚಲನ್ನು ತೊಟ್ಟಿನಿಂದ ಎತ್ತಿ ಬೆಳಕಿಗೆ ಹಿಡಿದು ನೋಡಿದ, ಅಲ್ಲೊಂದು ಇಲ್ಲೊಂದು ಕಾಯಿ ತಿಂದ. ಬಾವಿಯ ಹತ್ತಿರ ಬಂದಾಗ ಒಂದು ಹಳದಿ ಗೊಂಚಲಿನ ಮುಂದೆ ತುಸು ಬಗ್ಗಿ ನಿಂತ.

"ವೈನಿ ಹೇಳಿದಂಗ ಐತಿ ನೋಡ್ರಿ ಸರ. ಮ್ಯಾಲಿಂದು ನಂದು. ಇದು ನಿಮ್ದು."

ದರದ ಮಾತು ನಾನು ಆಡಿದೆ. ನೆರೆಯವನಿಗಿಂತ ಕಡಿಮೆಗೆ ಇಳಿಸಿದ. ನಾನು ಇತಿಹಾಸ, ನ್ಯಾಯ, ಹತ್ತು ವರ್ಷದ ಚಹಾ ಎಲ್ಲವನ್ನೂ ಮುಂದಿಟ್ಟೆ. ಅವನು ಆಕಾಶದ ಕಡೆ ಬೆರಳು ತೋರಿಸಿದ. ವಾದಕ್ಕೆ ಅದು ಬಲವಾದ ಪುರಾವೆ; ನಾನು ಒಪ್ಪಿಕೊಂಡೆ.

ತಾಸಗಾವಕ್ಕೆ ಹೊರಟಿದ್ದ ಆಳುಗಳು ದಾರಿ ತಿರುಗಿಸಿ ನಮ್ಮಲ್ಲಿಗೆ ಬಂದರು. ಕತ್ತರಿಗಳ ಸದ್ದು ಶುರುವಾಯಿತು. ನಾನು ಕ್ರೇಟಿನಿಂದ ಕ್ರೇಟಿಗೆ, ಲಾರಿಯಿಂದ ಬದುವಿಗೆ, ಬದುವಿನಿಂದ ಲಾರಿಗೆ ಅಡ್ಡಾಡಿದೆ. ಹೊಸ ಫೋನು ಕಿಸೆಯಲ್ಲಿ ಗುಂಯ್ ಅನ್ನುತ್ತಲೇ ಇತ್ತು. ಯಾವುದೋ ಕಂಪನಿಯವರು ನನ್ನ ಮುಖವನ್ನು ಇನ್ನಷ್ಟು ಚಂದ ಮಾಡುವ ಆಶ್ವಾಸನೆ ಕೊಡುತ್ತಿದ್ದರು. ಒಂದು ಕಡೆ ಕೂತುಕೊಳ್ಳಿರಿ, ನಿಮ್ಮನ್ನು ನೋಡಿ ಆಳುಗಳ ಕತ್ತರಿ ತಪ್ಪುತ್ತವೆ ಎಂದು ಹೆಂಡತಿ ಎರಡು ಸಲ ಹೇಳಿದಳು. ಕೂತರೆ ಮೋಡವೇ ಕಣ್ಣಿಗೆ ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಸಾಲುಗಳು ಖಾಲಿಯಾದವು. ತಾಡಪಾಲು ಬಿಗಿದುಕೊಂಡು ಲಾರಿ ಮಿರಜದ ರಸ್ತೆ ಹಿಡಿಯಿತು. ಅದು ತಿರುವಿನಲ್ಲಿ ಮರೆಯಾದ ಮೇಲೆಯೂ ನಾನು ಸ್ವಲ್ಪ ಹೊತ್ತು ಧೂಳನ್ನು ನೋಡುತ್ತ ನಿಂತೆ.

ಬಾವಿ ಕಡೆಯ ಸಾಲುಗಳು ಉಳಿದಿದ್ದವು. ಹೆಂಡತಿ ಫೋನು ಮಾಡಿ ಕೇಳಿದಾಗ ಅಥಣಿ ರಸ್ತೆಯ ಮನೂಕದ ಶೆಡ್ಡಿನವನು, ಕೊಯ್ದು ತಂದರೆ ಜಾಗ ಕೊಡುತ್ತೇನೆ, ಆಳು ನನ್ನ ಹತ್ತಿರ ಇಲ್ಲ ಎಂದಿದ್ದ. ನಮ್ಮ ಹತ್ತಿರವೂ ಇರಲಿಲ್ಲ. ಹೆಂಡತಿ ಒಂದು ಕತ್ತರಿಯನ್ನು ನನ್ನ ಕೈಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದಳು. ನಾಲ್ಕು ದಪ್ಪ ಹನಿಗಳು ಎಲೆಯ ಮೇಲೆ ಪಟಪಟ ಬಿದ್ದವು, ನಿಂತವು. ಮೋಡ ನಿಂತೇ ಇತ್ತು. ನಾವು ಕೊಯ್ಯತೊಡಗಿದೆವು, ಆಕೆ ಎರಡು ಗೊಂಚಲು ಇಳಿಸುವ ಹೊತ್ತಿಗೆ ನಾನು ಒಂದು. ಹೊತ್ತು ಮುಳುಗುವ ಮೊದಲು ಮನೆಗೆ ಹೋಗಿ ಊಟ ಮುಗಿಸಬೇಕು, ಕತ್ತಲಾದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ. ಹೊರಡೋಣವೇ ಅಂದೆ. ಆಕೆ ಒಮ್ಮೆ ಪಡುವಣದ ಕಡೆ ನೋಡಿದಳು, ಒಮ್ಮೆ ಉಳಿದ ಗೊಂಚಲುಗಳ ಕಡೆ.

"ಇನ್ನೊಂದ ಸಾಲ" ಅಂದಳು.